ಮೊದಲ ಬನ್ನು

“ನಾಳೆಯಿಂದ ನೀನು ಬರೋದು ಬೇಡಪ್ಪ,” ಎಂದರು ಬೇಕರಿಯ ಯಜಮಾನರು, ಬಿಸಿ ಭಟ್ಟಿಗೆ ಬೆನ್ನು ಮಾಡಿ ನಿಂತು. ಎಲ್ಲರೂ ಭಟ್ಟಿಯಣ್ಣ ಎಂದೇ ಕರೆಯುವ ಬನ್ನು ಸುಡುವವನು ಆಗಷ್ಟೇ ಎರಡನೇ ತಟ್ಟೆ ಒಳಗೆ ತಳ್ಳಿ ಕೈ ಒರೆಸಿಕೊಳ್ಳುತ್ತಿದ್ದ. ದಿನದ ಮೊದಲ ಬನ್ನು ಮುರಿದು ಮೂಸಿ ನೋಡುವುದು ಯಜಮಾನರ ಪದ್ಧತಿ. ಅವರು ತಲೆಯಾಡಿಸಿದ ಮೇಲೆಯೇ ಅಂಗಡಿ ತೆರೆಯುವುದು. ಈಚೆಗೆ ಅವರು ಮೂಸಿ, ಮುಖ ಕಿವುಚಿ, ಮಾತಿಲ್ಲದೆ ಬನ್ನನ್ನು ಬದಿಗಿಡುತ್ತಿದ್ದರು. ಭಟ್ಟಿಯಣ್ಣ ನೋಡಿಯೂ ಕೇಳಿರಲಿಲ್ಲ.

“ನಾನೇನು ತಪ್ಪು ಮಾಡ್ದೆ?”

“ಕಾರಣ ಹೇಳ್ಲೇಬೇಕು ಅಂತೇನಿಲ್ವಂತೆ. ವಕೀಲರನ್ನ ಕೇಳಿಯೇ ಬಂದಿದೀನಿ.”

“ಕಾನೂನು ನಿಮ್ಮ ಕಡೆಗೇ ಇರ್ಲಿ. ಮನೇಲಿ ಹೆಂಡ್ತಿ ಕೇಳ್ತಾಳೆ. ಇನ್ನೊಂದು ಬೇಕರಿಗೆ ಹೋದ್ರೆ ಅವರೂ ಕೇಳ್ತಾರೆ. ನೀವು ಹೇಳ್ದೆ ಕಳಿಸಿದ್ರೆ ಜನ ಬಾಯಿಗೆ ಬಂದದ್ದು ಸೇರಿಸ್ಕೋತಾರೆ, ಕಳ್ಳ ಅಂದ್ರೂ ಅಂದಾರು. ಆಮೇಲೆ ನನ್ನನ್ನ ಯಾರು ಒಳಗೆ ಬಿಟ್ಕೋತಾರೆ, ಯಜಮಾನ್ರೇ?”

ಗಲ್ಲಾ ಒರೆಸುತ್ತಿದ್ದ ಯಜಮಾನರ ಹೆಂಡತಿ ತಲೆಯೆತ್ತಿದರು. “ಹೇಳಿಬಿಡಿ ಅತ್ಲಾಗೆ. ಬಾಯಲ್ಲೇನು ಹಿಟ್ಟು ಮೆತ್ಕೊಂಡಿದೆಯಾ?”

ಯಜಮಾನರು ನೆಲ ನೋಡಿದರು. “ಬನ್ನಿಗೆ ಘಮವೇ ಇಲ್ಲ. ಬೆಣ್ಣೆ ಬೀಳ್ತಿಲ್ಲ. ಹಿಟ್ಟಿಗೆ ಬೀಳ್ದಿರೋ ಬೆಣ್ಣೆ ಎಲ್ಲಿಗೆ ಹೋಗ್ತಿದೆ ಅಂತ... ಇಷ್ಟು ವರ್ಷ ಜೊತೆಗಿದ್ದವನ ಮುಖಕ್ಕೆ ಆ ಮಾತು ಆಡೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಸುಮ್ನೆ ಹೋಗು ಅಂದೆ.”

ಭಟ್ಟಿಯಣ್ಣ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಮೂಗಿನ ಹೊಳ್ಳೆಗಳು ಅರಳಿದವು. “ಅಯ್ಯೋ, ಸೀಯ್ತಿದೆ,” ಎಂದು ಯಜಮಾನರನ್ನು ಪಕ್ಕಕ್ಕೆ ಸರಿಸಿ ಭಟ್ಟಿಯ ಬಾಗಿಲೆಳೆದ. ಮೊದಲ ತಟ್ಟೆಯ ಬನ್ನುಗಳ ನೆತ್ತಿ ಇದ್ದಿಲಾಗಿತ್ತು.

ಹೆಂಡತಿ ಮೂಗು ಮುಚ್ಚಿಕೊಂಡೇ ಕೇಳಿದರು. “ರೀ, ನನಗೆ ಇಲ್ಲಿಗೇ ಹೊಡೀತಿದೆ. ಭಟ್ಟಿ ಪಕ್ಕದಲ್ಲೇ ನಿಂತಿದ್ರಿ, ನಿಮಗೆ ವಾಸನೆ ಬರ್ಲಿಲ್ವಾ?”

“ಯಾವ ವಾಸನೆ?”

ಯಜಮಾನರು ಸೀದ ಬನ್ನೊಂದನ್ನೆತ್ತಿ ಮೂಗಿಗೆ ಒತ್ತಿಕೊಂಡರು. ಮೂಗಿನ ತುದಿಗೆ ಮಸಿ ಮೆತ್ತಿತು, ಅಷ್ಟೇ.

“ಆ ಕೆಟ್ಟ ನೆಗಡಿ ಬಂದು ಹೋದಾಗಿಂದ ನನ್ನ ಅಡುಗೆಗೂ ಹೆಸರಿಡ್ತಿದೀರಿ,” ಎಂದರು ಹೆಂಡತಿ. “ನನ್ನನ್ನೂ ಕಾರಣ ಹೇಳ್ದೆ ಕಳಿಸ್ಬೇಕಿತ್ತು.”

ಯಜಮಾನರು ಹಿಟ್ಟಿನ ಮೂಟೆಯ ಮೇಲೆ ಮೆಲ್ಲಗೆ ಕುಳಿತರು. “ಸದ್ಯ, ಕೆಟ್ಟಿರೋದು ನನ್ನ ಮೂಗು,” ಎಂದು ಉಸಿರು ಬಿಟ್ಟರು.

ಮೊದಲು ನಕ್ಕವನು ಭಟ್ಟಿಯಣ್ಣ. ನಗುತ್ತಲೇ ಒಂದು ಬಟ್ಟೆ ಒದ್ದೆ ಮಾಡಿ ತಂದು ಅವರ ಕೈಗಿಟ್ಟ. “ಮೂಗು ಒರೆಸ್ಕೊಳ್ಳಿ. ಗಿರಾಕಿಗಳು ಬರೋ ಹೊತ್ತು.”

ಮರುದಿನ ಯಜಮಾನರು ಎಂದಿನಂತೆ ಮೊದಲ ಬನ್ನು ಮುರಿದರು. ಮೂಗಿನವರೆಗೆ ಹೋದ ಕೈ ಅಲ್ಲೇ ನಿಂತಿತು. ಅದನ್ನು ಭಟ್ಟಿಯಣ್ಣನ ಮೂಗಿನ ಕೆಳಗೆ ಹಿಡಿದು, “ಹೇಗಿದೆ?” ಎಂದರು.

“ಚೆನ್ನಾಗಿದೆ, ಯಜಮಾನ್ರೇ.”

“ಬರೀ ಚೆನ್ನಾಗಿದೆ ಅಂದ್ರೆ ಆಗಲ್ಲಪ್ಪ. ಯಾಕೆ ಅಂತ ಹೇಳು.”