ನಡುವೆ ಕೂತವಳು

“ಮಗಳ ಮಾರಿ ನೋಡು ಬಾಯವ್ವ, ಕಾದ ಎಣ್ಣ್ಯಾಗ ಬಿದ್ದ ಸಾಸಿವಿ ಆಗೇತಿ,” ಎಂದ ಮುದಕಪ್ಪ, ಸ್ಟೇರಿಂಗು ತಿರುವುತ್ತ.

ಸೋದರಮಾವನ ಮಾತಿಗೆ ಹಿಂದಿನ ಸೀಟಿನ ರಾಣಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಬೈಲಹೊಂಗಲದ ಮನೆ ಬಿಟ್ಟು ಮುನವಳ್ಳಿ ಬಂದರೂ ಅವಳ ಸಿಟ್ಟು ಇಳಿದಿರಲಿಲ್ಲ. ಅವಳಿಗೇನು ಕಣ್ಣಿಲ್ಲವೇ? ಅಪ್ಪ ತೀರಿಕೊಂಡ ಹನ್ನೊಂದು ವರ್ಷಗಳಲ್ಲಿ ಹೊಲಿಗೆ ಮಷೀನು ಬಿಟ್ಟು ಏಳದ ಅವ್ವ, ಇದ್ದಕ್ಕಿದ್ದಂತೆ ಎಲ್ಲವ್ವನ ಗುಡ್ಡ, ಅಲ್ಲಿಂದ ದಾಂಡೇಲಿ, ಕಾಡಿನಲ್ಲಿ ಸಫಾರಿ ಎಂದರೆ ಏನರ್ಥ? ಹೆಣ್ಣು ನೋಡುವುದಕ್ಕೆ ಈಗ ಚಹಾ-ಅವಲಕ್ಕಿ ಬೇಕಿಲ್ಲ. ದೇವರು ತೋರಿಸುತ್ತ, ಹುಲಿ ತೋರಿಸುತ್ತ ಮುಗಿಸಿಬಿಡುತ್ತಾರೆ. ಗೆಳತಿ ಸಪ್ನಾಳನ್ನು ಹೀಗೆಯೇ ಗೋಕಾಕ ಫಾಲ್ಸಿಗೆ ಕರೆದೊಯ್ದಿದ್ದರು. ನೀರು ನೋಡಲು ಹೋದವಳು ಮದುವೆಯ ತಾರೀಖು ಹಿಡಿದುಕೊಂಡು ಬಂದಿದ್ದಳು.

“ಡಿಗ್ರಿ ಮುಗಿಯೂ ತನಕಾ ನನ್ನ ಮದುವಿ ಮಾತು ಎತ್ತಂಗಿಲ್ಲ ಅಂದಿದ್ದಿ,” ಎಂದಳು ರಾಣಿ ಕೊನೆಗೆ, ಅವ್ವನಿಗೆ. ಕಿತ್ತೂರಿನ ಕಾಲೇಜಿನಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತು.

“ನಾ ಎಲ್ಲೆ ಮಾತು ತಪ್ಪೇನವಾ?” ಎಂದಳು ಬಾಯವ್ವ. ದನಿ ಅವಳಿಗೇ ಕೇಳಿಸಿತೋ ಇಲ್ಲವೋ.

ಗುಡ್ಡದ ಮೇಲೆ ಮುತ್ತೈದೆ ಹುಣ್ಣಿಮೆಯ ಜನ ಇನ್ನೂ ಕರಗಿರಲಿಲ್ಲ. ಎರಡು ತಿಂಗಳು ವಿಧವೆಯಾಗಿ ಬರಿಗೈಯಲ್ಲಿದ್ದ ತಾಯಿ ಎಲ್ಲವ್ವ ಮತ್ತೆ ಹಸಿರು ಬಳೆ ತೊಟ್ಟಿದ್ದಾಳೆಂದು ಎಲ್ಲಿ ನೋಡಿದರೂ ಭಂಡಾರ, ‘ಉಧೋ ಉಧೋ’. ದರ್ಶನ ಮುಗಿಸಿ ಬಂದ ಬಾಯವ್ವ ಬಳೆ ಅಂಗಡಿಯ ಮುಂದೆ ನಿಂತಳು. ಹಸಿರು ಗಾಜಿನವು ಒಂದು ಡಜನ್ ಕೈಗೆತ್ತಿಕೊಂಡಳು.

“ಯಾರ ಅಳತಿ ನೋಡ್ಲೆವಾ?” ಎಂದಳು ಬಳೆಗಾರ್ತಿ.

ಅವ್ವ ತಡವರಿಸುವಷ್ಟರಲ್ಲಿ ರಾಣಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ಬ್ಯಾಡ. ನಾ ತೊಡಂಗಿಲ್ಲ.”

ಬಾಯವ್ವ ಬಳೆಗಳನ್ನು ಸದ್ದಾಗದಂತೆ ಕೆಳಗಿಟ್ಟಳು.

“ಅಲಲಲಾ! ಕಟಕೋಳದ ಪರಪ್ಪನೋರು! ಎಂಥಾ ಯೋಗಾಯೋಗ ನೋಡ್ರಿ!” ಮುದಕಪ್ಪ ಕೂಗಿದ. ಬಯಲಾಟದಲ್ಲಿ ಮೊದಲ ಸಲ ಬಣ್ಣ ಹಚ್ಚಿದವನೂ ಇಷ್ಟು ಕೆಟ್ಟದಾಗಿ ನಟಿಸಲಾರ. ಪರಪ್ಪನಿಗೆ ಐವತ್ತರ ಆಸುಪಾಸು, ಹಿಟ್ಟಿನ ಗಿರಣಿಯವನು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಪಕ್ಕದಲ್ಲಿ ಎತ್ತರದ ಮಗ ಗುರುನಾಥ. ಅವರೂ ದಾಂಡೇಲಿಗೇ ಹೊರಟಿದ್ದರಂತೆ. ಅದೇ ಸಫಾರಿಗಂತೆ. ಯೋಗಾಯೋಗವಂತೆ!

ಪರಪ್ಪ ರಾಣಿಯನ್ನು ಬದಿಗೆ ಕರೆದ. “ನಿಮ್ಮ ಮಾಮಾ ಎಲ್ಲಾ ಹೇಳ್ಯಾರಲ್ಲವಾ?”

“ಎಲ್ಲಾ ತಿಳದೈತ್ರಿ,” ಎಂದಳು ರಾಣಿ, ಹಲ್ಲು ಕಚ್ಚಿ.

“ನೀ ಹೂಂ ಅನ್ನದ ಒಂದ್ ಹೆಜ್ಜಿನೂ ಮುಂದ ಇಡಂಗಿಲ್ಲ ನಾವು. ಕಾಲೇಜಂತೂ ಬಿಡಬ್ಯಾಡ.”

ಅಕ್ಕಿಕಾಳು ಬೀಳುವ ತನಕ ಎಲ್ಲ ಬೀಗರೂ ಹೀಗೇ ಬೆಲ್ಲ ಸುರಿಸುತ್ತಾರೆ ಅಂದುಕೊಂಡಳು. ಮಗನಂತೂ ಇನ್ನೂ ಚಾಲಾಕಿ. ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವ್ವನ ಕೈಚೀಲ ಹೊತ್ತ. ಮೆಟ್ಟಿಲಿಳಿಯುವಾಗ ಅವ್ವನಿಗೆ ಕೈ ಕೊಟ್ಟ. ಅವ್ವನಿಗೆಂದು ಸಕ್ಕರೆ ಕಡಿಮೆ ಹಾಕಿಸಿ ಚಹಾ ತಂದ. ಹುಡುಗಿಗಿಂತ ಮೊದಲು ಅತ್ತೆಯನ್ನು ಒಲಿಸಿಕೊಳ್ಳುವ ಅಳಿಯ!

ಧಾರವಾಡ ದಾಟಿತು, ಹಳಿಯಾಳ ದಾಟಿತು. ಅಪ್ಪ-ಮಗನ ಕಾರು ಹಿಂದೆಯೇ ಬರುತ್ತಿತ್ತು.

“ಮಂದಿ ಚಲೋ ಅದಾರಲ್ಲ?” ಎಂದ ಮುದಕಪ್ಪ, ಯಾರನ್ನೂ ಉದ್ದೇಶಿಸದೆ.

ರಾಣಿ ಸಿಡಿದಳು. ಅವ್ವನ ಕಡೆ ಬೆರಳು ಮಾಡಿ, “ಅಷ್ಟು ಚಲೋ ಇದ್ರ ನೀನ ಹೋಗಿ ಹಸಿಮಣಿ ಮ್ಯಾಲ ಕುಂದ್ರು!” ಎಂದಳು.

ಬಾಯವ್ವನ ಮುಖ ಕೆಂಪಗಾಯಿತು. ಮುದಕಪ್ಪನ ಕಾಲು ಎಲ್ಲಿ ಬಿತ್ತೋ ಏನೋ, ಕಾರು ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು.

“ಗುಡ್ಡಾ ಇಳದ ಬಂದ ನಾಲಿಗಿ ಅದು, ಆಡಿದ್ದು ಖರೇ ಆಗತೈತಿ, ಜ್ವಾಕಿ,” ಎಂದನಷ್ಟೆ. ದಾಂಡೇಲಿ ಮುಟ್ಟುವವರೆಗೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಸಫಾರಿ ಜೀಪಿನ ನಡುಸೀಟಿನ ಒಂದು ತುದಿಗೆ ಅವ್ವ ಕೂತಳು, ಇನ್ನೊಂದು ತುದಿಗೆ ಪರಪ್ಪ. ತನ್ನನ್ನು ಬಿಟ್ಟು ಮಾತುಕತೆ ಮುಗಿಸುತ್ತಾರೇನು? ರಾಣಿ ಇಬ್ಬರ ನಡುವೆ ನುಗ್ಗಿ, ಮೊಣಕೈ ಅಗಲಿಸಿ ಕೂತಳು. ಪರಪ್ಪ ಬಗ್ಗಿ ಏನೋ ಕೇಳಹೋದರೆ ತಾನೂ ಬಗ್ಗಿದಳು. ಅವ್ವ ಹಿಂದಕ್ಕೆ ಒರಗಿದರೆ ತಾನೂ ಒರಗಿದಳು. ಹಿಂದಿನ ಸೀಟಿನಲ್ಲಿ ಮುದಕಪ್ಪ, ಗುರುನಾಥ ಕೂತಿದ್ದರು.

ಸ್ವಲ್ಪ ದೂರ ಹೋದ ಮೇಲೆ ಚಾಲಕ ಸಂಜು ಎಂಜಿನ್ ಆರಿಸಿ ತುಟಿಗೆ ಬೆರಳಿಟ್ಟ. ಬಿದಿರ ಮೆಳೆಯ ಪಕ್ಕದಲ್ಲಿ ಕಾಡುಕೋಣ. ಎಲ್ಲರೂ ಅತ್ತ ಕತ್ತು ಚಾಚಿದರು. ರಾಣಿಗೆ ಮಾತ್ರ ಇನ್ನು ತಡೆದುಕೊಳ್ಳಲಾಗಲಿಲ್ಲ. ಗುರುನಾಥನ ಕಡೆ ತಿರುಗಿದಳು.

“ಏ, ಕೇಳಿಲ್ಲೆ! ಸತ್ತರೂ ನಾ ನಿನ್ನ ಮದುವಿ ಆಗಂಗಿಲ್ಲ. ತಿಳೀತಿಲ್ಲೋ?”

ಕಾಡುಕೋಣ ಮೆಳೆ ಮುರಿದುಕೊಂಡು ಓಡಿತು. ಗುರುನಾಥ ಬಾಯಿ ತೆರೆದವನು ತೆರೆದಂತೆಯೇ ಮುದಕಪ್ಪನನ್ನು ನೋಡಿದ. ಮುದಕಪ್ಪ ಮರದ ತುದಿ ನೋಡತೊಡಗಿದ.

“ನೀವು ಹೇಳೇ ಇಲ್ಲೇನ್ರಿ?” ಎಂದ ಗುರುನಾಥ.

“ಇವತ್ತ ಹೇಳೂಣು, ನಾಳೆ ಹೇಳೂಣು ಅಂದ್ಕೋತ...” ಮುದಕಪ್ಪ ಗಂಟಲು ಕೆರೆದುಕೊಂಡ. “ಈಕಿ ಸಿಟ್ಟು ನಿಮಗೇನ ಗೊತ್ತೋ ಮಾರಾಯಾ.”

ಗುರುನಾಥ ರಾಣಿಯ ಕಡೆ ತಿರುಗಿದ. “ನನ್ನ ಹೇಣ್ತಿ ಬಾಣಂತನಕ್ಕ ತವರಿಗೆ ಹೋಗ್ಯಾಳವಾ ತಂಗಿ. ನಾವು ಕೇಳಾಕ ಬಂದದ್ದು ನಿಮ್ಮವ್ವನ್ನ. ನಮ್ಮಪ್ಪಗ.”

ರಾಣಿ ಎಡಕ್ಕೆ ನೋಡಿದಳು. ಅವ್ವ ಸೆರಗು ಹಿಡಿದು, ಫಲಿತಾಂಶದ ಬೋರ್ಡಿನ ಮುಂದೆ ನಿಂತವಳಂತೆ ಮಗಳನ್ನೇ ನೋಡುತ್ತಿದ್ದಳು. ಬಲಕ್ಕೆ ನೋಡಿದಳು. ಪರಪ್ಪ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಅವಳು ಎದ್ದಳು, ಸೀಟು ದಾಟಿದಳು, ಹಿಂದೆ ಧೊಪ್ಪೆಂದು ಕೂತಳು.

“ಅತ್ತಾಗ ಸರೀ ಅಣ್ಣಾ,” ಎಂದಳು, ಇನ್ನೂ ಗುರುಗುಟ್ಟುತ್ತಲೇ.

ಸಂಜು ಎಂಜಿನ್ ಚಾಲೂ ಮಾಡಿದ. ಜೀಪು ಮೊದಲ ತಗ್ಗಿಗೆ ಇಳಿದು ಏರುವಷ್ಟರಲ್ಲಿ ನಡುಸೀಟಿನ ಖಾಲಿ ಜಾಗ ಕಾಣದಾಗಿತ್ತು.