ನಡುಗದ ಕೈ

ಔಷಧಿ ಅಂಗಡಿಯವನು ತನ್ನ ಬೋರ್ಡನ್ನು ವಾಪಸ್ ಕೇಳಿಕೊಂಡು ಬಂದಾಗ ಪೇಂಟರ್ ಅದರ ಕೊನೆಯ ಸಾಲು ಬರೆಯಲು ಸೀಮೆಸುಣ್ಣದ ಗೆರೆ ಹಾಕುತ್ತಿದ್ದ.

“ಸಂಜೆಗೆ ಮುಗಿಯುತ್ತಲ್ಲ ಸ್ವಾಮಿ, ಏನವಸರ?”

“ಅವಸರ ಅಂತಲ್ಲ...” ಅಂಗಡಿಯವನು ಮುಖ ಬಿಟ್ಟು ಪೇಂಟರನ ಬಲಗೈಯನ್ನೇ ನೋಡುತ್ತಿದ್ದ. “ಮಗಳು ಆ ಕಾದಂಬರಿ ಓದಿ ಒಂದೇ ಸಮ ಅತ್ಲು. ಪಾಪ, ಇಂಥಾ ಸ್ಥಿತೀಲಿ ಅವರಿಗೆ ಯಾಕೆ ತೊಂದ್ರೆ ಕೊಡ್ತೀಯಪ್ಪಾ ಅಂತ ನನಗೇ ಬೈದ್ಲು.”

“ನನ್ನ ಕೈಗೆ ಏನೂ ಆಗಿಲ್ಲ. ನೋಡಿ ಬೇಕಾದ್ರೆ.” ಪೇಂಟರ್ ಕೈ ಚಾಚಿ ಹಿಡಿದ. ಒಂದು ಬೆರಳೂ ಅಲುಗಲಿಲ್ಲ.

ಅಂಗಡಿಯವನ ಕಣ್ಣು ತೇವವಾಯಿತು. “ಎಷ್ಟು ಕಷ್ಟಪಟ್ಟು ತಡ್ಕೊಂಡಿದೀರಿ!” ಎಂದವನೇ ಇನ್ನೂ ಮುಗಿಯದ ಬೋರ್ಡನ್ನು ಬಗಲಿಗೆ ಸಿಕ್ಕಿಸಿಕೊಂಡು ನಡೆದ.

ಇದೆಲ್ಲ ಭಾವಮೈದುನನ ಕೃಪೆ. ಹೆಂಡತಿಯ ತಮ್ಮ ಕಾದಂಬರಿಕಾರ. ಕಲೆಯ ಬಗ್ಗೆ ಬರೀತಿದೀನಿ ಭಾವ ಎಂದು ಒಂದು ಮಳೆಗಾಲವಿಡೀ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಬೀಡುಬಿಟ್ಟಿದ್ದ. ಅಂಗಡಿ, ಆಸ್ಪತ್ರೆ, ಗಿರಣಿಗಳ ಹೆಸರು ಬರೆದೂ ಬರೆದೂ ತನ್ನದೂ ಒಂದು ಕಲೆ ಎಂಬುದನ್ನೇ ಮರೆತಿದ್ದ ಪೇಂಟರ್ ಒಳಗೊಳಗೇ ಹಿಗ್ಗಿ ಅವನಿಗೆ ದಿನವೂ ಚಹಾ ತರಿಸಿಕೊಟ್ಟಿದ್ದ. ಕಾದಂಬರಿ ಬಂದಾಗ ಅದರಲ್ಲಿ ಎಲ್ಲವೂ ಇತ್ತು. ಅಂಗಡಿಯ ಹಸಿರು ಬಾಗಿಲು, ಕಿವಿಗೆ ಸಿಕ್ಕಿಸಿದ ಬ್ರಷ್ಷು, ಗಲ್ಲದ ಮಚ್ಚೆ ಕೂಡ. ಆದರೆ ಅರ್ಧ ದಾಟುವಷ್ಟರಲ್ಲಿ ಕಥೆಯ ಪೇಂಟರನ ಕೈ ನಡುಗಲು ಶುರುವಾಗುತ್ತದೆ. ಕೊನೆಗೆ ತನ್ನ ಹೆಸರನ್ನೂ ನೆಟ್ಟಗೆ ಬರೆಯಲಾಗದೆ ಅವನು ಬ್ರಷ್ಷನ್ನು ಒಲೆಗೆ ಹಾಕುತ್ತಾನೆ. ಓದಿದವರೆಲ್ಲ ಕಣ್ಣೊರೆಸಿಕೊಂಡರು. ಬಹುಮಾನ ಬಂತು. ಯಾರಪ್ಪಾ ಆ ಕಲಾವಿದ ಎಂದು ಪತ್ರಿಕೆಯವರು ಕೇಳಿದರೆ ಪುಣ್ಯಾತ್ಮ ಅಂಗಡಿಯ ವಿಳಾಸವನ್ನೂ ಕೊಟ್ಟುಬಿಟ್ಟ. ಅಲ್ಲಿಂದಾಚೆಗೆ ಓದಿದವರು ಕನಿಕರಪಟ್ಟು ಬರಲಿಲ್ಲ, ಓದದವರು ಓದಿದವರ ಮಾತು ಕೇಳಿ ಬರಲಿಲ್ಲ. ಪೇಂಟರ್ ಕೂತು ನೊಣ ಹೊಡೆಯುವ ಹಾಗಾಯಿತು.

ಅದೇ ಮಧ್ಯಾಹ್ನ ಭಾವಮೈದುನ ಬಂದ. ಅಂಗಡಿಯ ಹಿಂದೆಯೇ ಮನೆ; ಅಕ್ಕ ಒಳಗಿನಿಂದಲೇ “ಬಾರೋ” ಎಂದಳು. ಪೇಂಟರ್ ಬಾ ಎನ್ನಲಿಲ್ಲ.

“ನನ್ನ ಕೈ ಮುರಿದು ಹಾಕಿದೆಯಲ್ಲಯ್ಯ.”

“ಅಯ್ಯೋ, ಅದು ನೀವಲ್ಲ ಭಾವ. ಅದು ಸೃಷ್ಟಿ.”

“ಬಾಗಿಲು ನಂದು. ಮಚ್ಚೆ ನಂದು.”

“ಕೈ ನಿಮ್ಮದಲ್ಲವಲ್ಲ!”

“ಅದನ್ನ ಊರಿಗೆ ಹೇಳು.”

“ನೆಟ್ಟಗಿರೋ ಕೈ ಬಗ್ಗೆ ಬರೆದ್ರೆ ಯಾರು ಓದ್ತಾರೆ, ಹೇಳಿ?” ಭಾವಮೈದುನ ಸ್ಟೂಲು ಎಳೆದುಕೊಂಡು ಹತ್ತಿರ ಕೂತ. “ನಿಮ್ಮ ಸಂಕಟ ನನಗೆ ಗೊತ್ತಾಗಲ್ವಾ? ಅದಕ್ಕೇ ಬಂದೆ. ನಾಳಿದ್ದು ನನಗೆ ಸನ್ಮಾನ. ವೇದಿಕೆ ಹಿಂದಿನ ಬೋರ್ಡು ನೀವೇ ಬರೀಬೇಕು. ಇಡೀ ಊರು ನೋಡುತ್ತೆ.”

ಇಡೀ ಊರು ನೋಡುತ್ತೆ. ಪೇಂಟರನ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು. ಅತ್ತವರೆಲ್ಲ ಎದುರಿಗೆ ಕೂತು ತನ್ನ ಅಕ್ಷರ ನೋಡಲಿ. ಬೇರೆ ಸಾಕ್ಷಿ ಯಾಕೆ? ಉದ್ದನೆಯ ಹಲಗೆ ತೆಗೆದು ಒರೆಸಿದ, ದಾರ ಬಿಗಿದು ಗೆರೆ ಹೊಡೆದ, ಕೈ ಊರಲು ಇಟ್ಟುಕೊಂಡಿದ್ದ ಕೋಲನ್ನು ಬೇಕೆಂದೇ ಪಕ್ಕಕ್ಕೆಸೆದು ಭಾವಮೈದುನನ ಹೆಸರನ್ನು ಒಂದೇ ಉಸಿರಿನಲ್ಲಿ ಬರೆದ. ಹೆಂಡತಿ ಬಾಗಿಲಿಗೆ ಬಂದು ನಿಂತಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡು ಅವನಿಗೆ ಎದೆ ತುಂಬಿಬಂತು.

ಭಾವಮೈದುನ ಮಾತ್ರ ಕೆಮ್ಮಿದ. “ಚೆನ್ನಾಗಿದೆ ಭಾವ. ಆದ್ರೆ...”

“ಏನು, ಬಣ್ಣ ಹಿಡಿಸಲಿಲ್ವಾ?”

“ಇಷ್ಟು ನೆಟ್ಟಗಿದ್ರೆ ಹೇಗೆ? ಬರೋರೆಲ್ಲ ಕಾದಂಬರಿ ಓದಿದೋರು. ನಾನು ಸುಳ್ಳು ಬರೆದ ಹಾಗಾಗುತ್ತೆ. ಕೊನೇ ಒಂದೆರಡು ಅಕ್ಷರ... ಸ್ವಲ್ಪ ನಡುಗಲಿ.”

ಪೇಂಟರ್ ಹೆಂಡತಿಯತ್ತ ತಿರುಗಿದ. ಅವಳ ನಗು ಮಾಯವಾಗಿತ್ತು. “ಕೇಳ್ತಿದಾನಲ್ಲ, ಬರೆದುಕೊಡ್ರೀ,” ಎಂದು ನೆಲ ನೋಡುತ್ತಾ ಹೇಳಿ, ಚಹಾ ಇಡುವ ನೆಪದಲ್ಲಿ ಒಳಗೆ ಹೋದಳು.

ಕೊನೆಯ ಅಕ್ಷರ ಒರೆಸಿ ಅವನು ಮತ್ತೆ ಬರೆದ. ನೆಟ್ಟಗೇ ಬಂತು. ಒರೆಸಿ, ಮಣಿಕಟ್ಟು ಅಲ್ಲಾಡಿಸುತ್ತಾ ಬರೆದ. ಅಕ್ಷರ ಕುಡಿದವನಂತೆ ವಾಲಿತೇ ಹೊರತು ನಡುಗಲಿಲ್ಲ; ಮಗುವಿಗೂ ನಾಟಕ ಎಂದು ಗೊತ್ತಾಗುವಂತಿತ್ತು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದ. ಕಣ್ಣು ಬಿಟ್ಟು ನೋಡಿದರೆ ಅಕ್ಷರ ಅಚ್ಚು ಹಾಕಿದಂತೆ ಕೂತಿತ್ತು. ಕಲಿಯುವ ವಯಸ್ಸಿನಲ್ಲಿ ಪೆಟ್ಟು ತಿಂದು ತಿಂದು ಬಿಡಿಸಿಕೊಂಡ ನಡುಕ ಈಗ ಕರೆದರೂ ಬರಲೊಲ್ಲದು. ಅವನಿಗೆ ಅಳು ಬಂತು.

“ಬಿಡಿ ಭಾವ, ಬೇಜಾರು ಮಾಡ್ಕೋಬೇಡಿ.” ಭಾವಮೈದುನ ಎದ್ದು ಅವನ ಬೆನ್ನು ತಟ್ಟಿದ. “ಕಂಪ್ಯೂಟರಲ್ಲಿ ಬ್ಯಾನರ್ ಮಾಡೋನೊಬ್ಬ ಇದಾನೆ. ಎಷ್ಟು ಬೇಕೋ ಅಷ್ಟು ನಡುಗಿಸಿಕೊಡ್ತಾನೆ.”

ಹೆಂಡತಿ ಚಹಾ ತರುವಷ್ಟರಲ್ಲಿ ಸ್ಟೂಲು ಖಾಲಿಯಾಗಿತ್ತು.

“ಹೋಗೇಬಿಟ್ನಾ? ಬೋರ್ಡು ಬೇಡ್ವಂತಾ? ಏನಂದ?”

ಪೇಂಟರ್ ಬ್ರಷ್ಷನ್ನು ಇನ್ನೂ ಎತ್ತಿ ಹಿಡಿದೇ ಇದ್ದ. ಅದರ ತುದಿಯ ಬಣ್ಣದ ಹನಿ ಕೂಡ ಅಲುಗಲಿಲ್ಲ.

“ಕೈ ಸರಿಯಿಲ್ವಂತೆ,” ಎಂದ.