ತಲೆದಿಂಬಿನ ಚಪ್ಪಲಿ

ರಬ್ಬರ್ ಚಪ್ಪಲಿ ಹಾರಿಬಂದು ಅಕ್ಕನ ಬೆನ್ನಿಗೆ ರಪ್ಪನೆ ಬಡಿಯಿತು. ಆಗಷ್ಟೇ ಒಳಗೆ ಕಾಲಿಟ್ಟಿದ್ದ ದಾದಿ ಬಾಗಿಲಲ್ಲೇ ನಿಂತುಬಿಟ್ಟಳು.

ಎಸೆದವನು ತಮ್ಮ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದೆ ಮಂಚ ಹಿಡಿದವನು. ಅಕ್ಕ ತಿರುಗಿ ನೋಡಿದಳು. ಬೈಯಲಿಲ್ಲ. ಚಪ್ಪಲಿ ಎತ್ತಿಕೊಂಡು ಹೋಗಿ ಅವನ ದಿಂಬಿನ ಪಕ್ಕದಲ್ಲೇ ಇಟ್ಟಳು. ಹೆಜ್ಜೆ ಇಡಲಾರದವನ ತಲೆಯ ಹತ್ತಿರ ಚಪ್ಪಲಿ! ಅಣಕಿಸುವುದಕ್ಕೂ ಒಂದು ಮಿತಿ ಬೇಡವೇ? ದಾದಿಯ ಮೈ ಉರಿಯಿತು.

"ಹೊಸ ಸಿಸ್ಟರ್ ಬಂದಿದಾರೆ ನೋಡು," ಎಂದ ತಮ್ಮ.

"ಬನ್ನಿ, ಬನ್ನಿ! ಮೊದಲು ಇವನ ಮೈ ಒರೆಸಿ. ಬೆಳಿಗ್ಗೆಯಿಂದ ಒಂದೇ ಸಮ ಹಾರಾಡ್ತಿದಾನೆ!" ಅಕ್ಕನದು ಬೀದಿಗೆಲ್ಲ ಮುಟ್ಟುವ ಗಂಟಲು. ಮಾತಾಡುವಾಗ ಎದುರಿನವರ ಮುಖವನ್ನು ಕಣ್ಣು ಮಿಟುಕಿಸದೆ ನೋಡುವ ಚಾಳಿ ಬೇರೆ. ಜಗಳಗಂಟಿ ಎಂದು ದಾದಿ ಆ ಕ್ಷಣವೇ ತೀರ್ಮಾನಿಸಿದಳು.

ದಾದಿಯನ್ನು ಕಳಿಸಿದ್ದು ಭತ್ಯೆಯ ಕಚೇರಿ. ಅಂಗವಿಕಲರ ಭತ್ಯೆಯ ಜೊತೆಗೇ ಔಷಧಿ, ಆಪರೇಷನ್, ಗಾಳಿ ತುಂಬಿದ ಹಾಸಿಗೆ, ದಿನವೂ ಬರುವ ದಾದಿ ಎಲ್ಲ ಸಿಗುತ್ತಿತ್ತು. ಆದರೆ ಏನೂ ಇಲ್ಲದವರಿಗೆ ಮಾತ್ರ. ಹೆಸರಿಗೊಂದು ಮನೆ ಬಿತ್ತೋ, ಅಲ್ಲಿಗೆ ಎಲ್ಲ ಬಂದ್. ಈಗ ಇವರ ತಾಯಿ ಸತ್ತಿದ್ದಳು. ಮನೆ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಸೇರಲಿ, ಯಾರಿಗೆಂದು ಅವರೇ ಒಪ್ಪಿಕೊಳ್ಳಲಿ ಎಂದು ಉಯಿಲು ಬರೆಸಿದ್ದಳು. ಒಪ್ಪಿಗೆಯ ಸಹಿ ಪಡೆಯಲು ಅದೇ ಕಚೇರಿಯ ಅಧಿಕಾರಿ ಇವತ್ತು ಬರುವವನಿದ್ದ.

ಜಗಳಕ್ಕೆ ಕಿಡಿ ಹಚ್ಚಿಟ್ಟೇ ಹೋಗಿದ್ದಾಳೆ ಪುಣ್ಯಾತ್ಗಿತ್ತಿ, ಅಂದುಕೊಂಡಳು ದಾದಿ.

ಬೆನ್ನು ಒರೆಸುವಾಗ ನೋಡಿದಳು. ವರ್ಷಗಟ್ಟಲೆ ಮಲಗಿದವನ ಮೈಮೇಲೆ ಒಂದು ಹುಣ್ಣಿಲ್ಲ. ಮೊದಲಿದ್ದ ದಾದಿ ಕೆಲಸ ಬಲ್ಲವಳಿರಬೇಕು.

"ಮನೆ ನನ್ನ ಹೆಸರಿಗೇ ಆಗ್ಬೇಕು," ತಮ್ಮ ಗೊಣಗಿದ.

"ಆದ್ರೆ ನಿಮ್ಮ ಭತ್ಯೆ ಹೋಗತ್ತಲ್ಲಪ್ಪ. ನಾನೂ ಬರೋ ಹಾಗಿಲ್ಲ."

"ಹೋಗ್ಲಿ ಬಿಡಿ. ಅವಳ ಹೆಸರಿಗೆ ಮಾತ್ರ ಆಗ್ಬಾರದು."

"ಒಡಹುಟ್ಟಿದವಳ ಮೇಲೆ ಅಷ್ಟು ಹೊಟ್ಟೆಕಿಚ್ಚಾ?"

ಅವನು ನಕ್ಕ. "ನಿಮಗೆ ಅವಳ ಬುದ್ಧಿ ಗೊತ್ತಿಲ್ಲ ಸಿಸ್ಟರ್. ಯಾರು ಏನು ಹೇಳಿದ್ರೂ ಅಷ್ಟೆ."

ಅದೂ ನಿಜವೇ. ಅಕ್ಕ ಪಕ್ಕದ ಕೋಣೆಯಲ್ಲಿ ತಾಯಿಯ ಬಟ್ಟೆ ಮಡಿಸುತ್ತಿದ್ದಳು. ದಾದಿ ಬೆನ್ನ ಹಿಂದೆ ನಿಂತು, "ಅಮ್ಮಾ, ಅವರ ಹತ್ರ ಸ್ವಲ್ಪ ನಯವಾಗಿ ಮಾತಾಡಿ," ಎಂದಳು. ಇನ್ನೊಮ್ಮೆ ಹೇಳಿದಳು. ಅಕ್ಕ ಕತ್ತು ಕೂಡ ತಿರುಗಿಸಲಿಲ್ಲ. ಕೆಲಸದವಳ ಮಾತಿಗೆ ಇಷ್ಟೇ ಬೆಲೆ! ಕರೆಗಂಟೆ ಹೊಡೆದುಕೊಂಡಾಗಲೂ ಅಕ್ಕ ಆರಾಮಾಗಿ ಬಟ್ಟೆ ಮಡಿಸುತ್ತಲೇ ಇದ್ದಳು. ಮಹಾರಾಣಿ! ದಾದಿ ಹಲ್ಲು ಕಡಿಯುತ್ತ ಹೋಗಿ ಬಾಗಿಲು ತೆರೆದಳು.

ಅಧಿಕಾರಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಕಡತ ಬಿಚ್ಚಿದ. ಅವನನ್ನು ಕಂಡು ಅಕ್ಕನೂ ದಡಬಡ ಬಂದಳು.

"ಯಾರ ಹೆಸರಿಗೆ?"

"ನನ್ನ ಹೆಸರಿಗೆ ಬರ್ಕೊಳ್ಳಿ ಸಾರ್," ಎಂದ ತಮ್ಮ.

"ನನ್ನ ಹೆಸರಿಗೆ!" ಅಕ್ಕ ಗುಡುಗಿದಳು. "ಸುಮ್ನೆ ಬಿದ್ಕೊಳೋ ನೀನು. ಇವನ ಮಾತು ಕಟ್ಕೋಬೇಡಿ ಸಾರ್."

ತಮ್ಮ ಗೋಡೆ ಕಡೆ ಮುಖ ತಿರುಗಿಸಿ ಏನೋ ಒದರಿದ. ಅಕ್ಕ ಗಲ್ಲ ಹಿಡಿದು ಅವನ ಮುಖವನ್ನು ಈಚೆಗೆ ಎಳೆದಳು. "ಏನಂದೆ? ಮುಖ ನೋಡಿ ಹೇಳು!"

"ಇದೊಂದರಲ್ಲಿ ನಿನ್ನ ಗೆಲ್ಲೋಕೆ ಬಿಡಲ್ಲ ಅಂದೆ!"

"ಸೈನ್ ಹಾಕ್ತೀಯೋ, ನಾನು ಮನೆ ಬಿಟ್ಟು ಹೋಗ್ಲೋ? ಆಮೇಲೆ ನಿನ್ನ ಮಗ್ಗುಲು ಯಾರು ತಿರುಗಿಸ್ತಾರೋ ನೋಡ್ತೀನಿ."

ಅಷ್ಟು ಹೇಳಿ ಬೆನ್ನು ತಿರುಗಿಸಿ ನಿಂತಳು. ಅಲ್ಲಿಗೆ ಅವಳ ಮಟ್ಟಿಗೆ ಮಾತು ಮುಗಿಯಿತು.

"ಅಕ್ಕಾ, ಬೇಡ ಕಣೇ. ನನ್ನಾಣೆ, ಬೇಡ ಕಣೇ!" ತಮ್ಮ ಅಂಗಲಾಚಿದ. ಕಲ್ಲಾದರೂ ಕರಗುತ್ತಿತ್ತು. ಅವಳು ಅಲುಗಲಿಲ್ಲ. ಅವನು ಚಪ್ಪಲಿ ಎಸೆದ. ಬೆನ್ನಿಗೆ ಬಿತ್ತು. ಈ ಸಲ ಅವಳು ತಿರುಗಲೂ ಇಲ್ಲ. ಮೊಳೆಗೆ ನೇತುಹಾಕಿದ್ದ ಚೀಲ ತೆಗೆದು ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ನಡೆದಳು.

"ಹಿಡೀರಿ ಸಿಸ್ಟರ್ ಅವಳನ್ನ! ಕೊಡಿ ಸಾರ್, ಎಲ್ಲಿ ಹಾಕ್ಬೇಕು?"

ದಾದಿ ಓಡಿಹೋಗಿ ಅವಳ ರಟ್ಟೆ ಹಿಡಿದು ನಿಲ್ಲಿಸುವಷ್ಟರಲ್ಲಿ ತಮ್ಮ ಸಹಿ ಹಾಕಿದ್ದ. ಅಕ್ಕ ಬಂದು ನೋಡಿದಳು, ಕೆಳಗೆ ತನ್ನ ಸಹಿ ಎಳೆದಳು, ನೆಲದಲ್ಲಿದ್ದ ಚಪ್ಪಲಿ ಎತ್ತಿ ಮತ್ತೆ ದಿಂಬಿನ ಪಕ್ಕ ಇಟ್ಟಳು. ತಮ್ಮ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವಳ ಮುಖದಲ್ಲಿ ನಗು.

ಅವನ ಭತ್ಯೆ ಉಳಿಯಿತು. ದಾದಿಯ ಕೆಲಸವೂ ಉಳಿಯಿತು. ಆದರೆ ಇನ್ನು ಈ ಬಡಪಾಯಿ ಬದುಕಿರುವಷ್ಟು ದಿನ ಇವಳ ಹಂಗಿನಲ್ಲಿ ಬಿದ್ದಿರಬೇಕು. "ಥೂ, ಮಂಚದ ಮೇಲಿರೋನ ಹತ್ರ ಮನೆ ಕಿತ್ಕೊಂಡ್ರಲ್ಲ, ಮನುಷ್ಯರಾ ನೀವು?" ಎಂದು ದಾದಿ ಕೂಗಿಯೇಬಿಟ್ಟಳು. ದಿಂಬು ಸರಿಮಾಡುತ್ತಿದ್ದ ಅಕ್ಕ ಕೈಕೆಲಸ ನಿಲ್ಲಿಸಲಿಲ್ಲ.

ಅಧಿಕಾರಿ ಕಡತ ಕಟ್ಟಿ ಎದ್ದ. ಬಾಗಿಲಿಗೆ ಹೋಗಲಿಲ್ಲ. ಮಂಚ ಸುತ್ತಿ ಬಂದು ಅಕ್ಕನ ಎದುರಿಗೇ ನಿಂತು, ತುಟಿಗಳನ್ನು ಅಗಲವಾಗಿ ಬಿಡಿಸುತ್ತ, ಒಂದೊಂದೇ ಮಾತಾಗಿ ಹೇಳಿದ: "ಮುಂದಿನ ತಿಂಗಳಿಂದ ನಿಮ್ಮ ಭತ್ಯೆ ಬರಲ್ಲಮ್ಮ. ನಿಮ್ಮ ಕಿವಿ ಆಪರೇಷನ್ ಮಂಜೂರಾಗಿತ್ತಲ್ಲ, ಅದೂ ರದ್ದು."